ಗಾಣದ ವಿಡಿಯೋಗೆ ಮೂರು ಸಲ ಜನ ಹುಡುಕಿದ್ದು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗಾಣದ ವಿಡಿಯೋ ತೆಗೆಸಲು ಮದುವೆ ಸ್ಟುಡಿಯೋ, ಪರಿಚಯದ ಹುಡುಗ, ಜನ ಹುಡುಕಿಕೊಡುವ ಏಜೆನ್ಸಿ, ಮೂರರ ರುಚಿಯನ್ನೂ ನೋಡಿದ ಮೇಲೆ ನಾನೀಗ ಏಜೆನ್ಸಿ ಕಡೆ. ಅಗ್ಗ ಅಂತ ಅಲ್ಲ, ಅಗ್ಗ ಖಂಡಿತ ಅಲ್ಲ. ಅವರ ಒಪ್ಪಂದದ ಒಂದು ಷರತ್ತು ಎರಡು ವಾರ ನನ್ನ ನಿದ್ದೆ ಕೆಡಿಸಿತು. ಆದರೂ ಅದೇ.

ನಮ್ಮದು ನೆಲಮಂಗಲದ ಹತ್ತಿರ ಎರಡು ಮರದ ಗಾಣ. ಕಡಲೆಕಾಯಿ, ಹುಚ್ಚೆಳ್ಳು, ಕೊಬ್ಬರಿ ಎಣ್ಣೆ ತೆಗೆಯುತ್ತೇವೆ. ರಾಜಾಜಿನಗರದಲ್ಲಿ ಪುಟ್ಟ ಅಂಗಡಿ. ಮೊದಲೆಲ್ಲ ಜನ ಅಂಗಡಿಗೆ ಬಂದು, ಅಂಗೈಗೆ ಎರಡು ಹನಿ ಹಾಕಿಸಿಕೊಂಡು ಮೂಸಿ ನೋಡಿ ಕೊಳ್ಳುತ್ತಿದ್ದರು. ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಗಾಣ ತಿರುಗುವುದನ್ನು ನೋಡಿ ವಾಟ್ಸಾಪ್ ಮಾಡುತ್ತಾರೆ. ವಿಡಿಯೋ ಇಲ್ಲದಿದ್ದರೆ ವ್ಯಾಪಾರ ಇಲ್ಲ ಅನ್ನೋ ಮಟ್ಟಕ್ಕೆ ಬಂದಿದೆ.

ಮೊದಲು ಹೋಗಿದ್ದು ಏರಿಯಾದ ಮದುವೆ ಸ್ಟುಡಿಯೋಗೆ. ಒಂದು ದಿನ ಶೂಟು, ಮೂರು ವಿಡಿಯೋ, ಎಡಿಟಿಂಗ್ ಸೇರಿ 18,000. ಹೇಳಿದ ಟೈಮಿಗೆ ಬಂದರು, ಹೇಳಿದ ದಿನ ಕೊಟ್ಟರು. ಆದರೆ ಗಾಣಕ್ಕೂ ಮದುಮಗಳಿಗೂ ಅವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನಮ್ಮ ಮಾವನವರು ಕಡಲೆಕಾಯಿ ಬೀಜ ಸುರಿಯುವುದೆಲ್ಲ ಸ್ಲೋ ಮೋಷನ್, ಹಿಂದೆ ಕೊಳಲು. ಹಿಂಡಿ ತೆಗೆಯುವಾಗ ಪರದೆಯ ಮೂಲೆಯಿಂದ ಗುಲಾಬಿ ಪಕಳೆ ಉದುರಿದವು. ನನ್ನ ಹೆಂಡತಿ ನೋಡಿ, "ಇನ್ನು ತಾಳಿ ಕಟ್ಟೋದೊಂದು ಬಾಕಿ" ಅಂದಳು.

ಸರಿ, ಎಡಿಟ್ ಮಾಡದ ಫೈಲುಗಳನ್ನಾದರೂ ಕೊಡಿ, ಬೇರೆಯವರ ಹತ್ತಿರ ಕಟ್ ಮಾಡಿಸಿಕೊಳ್ಳುತ್ತೇನೆ ಅಂದೆ. ಬಿಲ್ಲಿನ ಹಿಂದುಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಮೂಲ ಫೈಲು ಕೊಡಲಾಗುವುದಿಲ್ಲ' ಅಂತ ಇತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ಮಾಡಿಸಿಕೊಂಡ ಚಿತ್ರದ ಹಕ್ಕು ಮಾಡಿಸಿಕೊಂಡವರದ್ದೇ, ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ. ಹಕ್ಕು ಯಾರದ್ದೇ ಇರಲಿ, ಫೈಲಂತೂ ಅವರ ಹಾರ್ಡ್ ಡಿಸ್ಕ್‌ನಲ್ಲಿತ್ತು. ಬಿಟ್ಟೆ.

ಎರಡನೆಯದು ಸ್ನೇಹಿತರೊಬ್ಬರು ಹೇಳಿದ ಹುಡುಗ. ದಿನಕ್ಕೆ 12,000, ಕ್ಯಾಮೆರಾ ಅವನದ್ದೇ. ಕಣ್ಣು ಬಹಳ ಚೆನ್ನಾಗಿತ್ತು, ಇದನ್ನು ಒಪ್ಪಲೇಬೇಕು. ಒನಕೆ ತಿರುಗುವಾಗ ಕಲ್ಲಿನ ಅಂಚಿಗೆ ಅಂಟಿದ ಹುಚ್ಚೆಳ್ಳು ಸಿಪ್ಪೆಯ ಮಿಂಚನ್ನು ಹಿಡಿದಿದ್ದ. ಆದರೆ ವಿಡಿಯೋ ತುಂಬಾ ಕಪ್ಪು ಪಟ್ಟಿ ಮೇಲಿಂದ ಕೆಳಗೆ ಹರಿಯುತ್ತಿತ್ತು. ನಮ್ಮ ಶೆಡ್ಡಿನಲ್ಲಿರುವುದು ಹಳೇ ಚೋಕ್ ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಜ್, ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅವನು ಸೆಕೆಂಡಿಗೆ 30 ಫ್ರೇಮ್, ಶಟರ್ ಸೆಕೆಂಡಿನ 1/60ರಲ್ಲಿ ಹೊಡೆದಿದ್ದ, ಲೈಟಿನ ಏರಿಳಿತಕ್ಕೂ ಅದಕ್ಕೂ ತಾಳ ಕೂಡುವುದಿಲ್ಲ. 25 ಫ್ರೇಮ್, 1/50 ಇಟ್ಟಿದ್ದರೆ ಪಟ್ಟಿಯೇ ಬರುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಆಗ ಗಾಣದಲ್ಲೇ ಏನೋ ದೋಷ ಅಂದುಕೊಂಡಿದ್ದೆ!

ಅದನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ಪರಿಷೆ ದಿನ ಆಗಿದ್ದು. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಕಡಲೆಕಾಯಿ ಎಣ್ಣೆ ಮಾರುವವನಿಗೆ ಅದಕ್ಕಿಂತ ಒಳ್ಳೇ ದಿನ ಉಂಟಾ? ದೊಡ್ಡ ಬಸವಣ್ಣನ ದೇವಸ್ಥಾನದ ಮುಂದೆ ಬೆಳಿಗ್ಗೆ ಆರಕ್ಕೆ ಬರುತ್ತೇನೆ ಅಂದಿದ್ದ. ಆರೂವರೆಗೆ ಫೋನ್ ಸ್ವಿಚ್ ಆಫ್. ಹತ್ತು ಗಂಟೆಗೆ ಮೆಸೇಜು: "ಸಾರಿ ಅಣ್ಣ, ಕನಕಪುರ ರೋಡಲ್ಲಿ ಮುಹೂರ್ತ ಬಂತು." ಕೊನೆಗೆ ನಾನೇ ಮೊಬೈಲಿನಲ್ಲಿ ತೆಗೆದೆ. ಅದರಲ್ಲಿರುವುದು ಜನರ ಮೊಣಕೈ ಮತ್ತು ಪೀಪಿ ಸದ್ದು ಮಾತ್ರ.

ಅವನನ್ನು ಬೈಯುವುದಿಲ್ಲ. ಮದುವೆ ಸೀಸನ್ನಿನಲ್ಲೇ ಅವರ ವರ್ಷದ ಊಟ. ನನ್ನಂಥ ಎಣ್ಣೆಯವನ ಒಂದು ದಿನಕ್ಕೆ ಮುಹೂರ್ತ ಬಿಡು ಅಂದರೆ ಹೇಗೆ ಬಿಟ್ಟಾನು? ನಿಮ್ಮ ಕೆಲಸಕ್ಕೆ ಇಂಥದ್ದೇ ದಿನ ಅಂತ ಇಲ್ಲದಿದ್ದರೆ ಆಷಾಢದಲ್ಲಿ ಇಟ್ಟುಕೊಳ್ಳಿ. ಆಗ ಒಳ್ಳೊಳ್ಳೇ ಕ್ಯಾಮೆರಾದವರು ಸುಮ್ನೆ ಕೂತಿರುತ್ತಾರೆ, ರೇಟೂ ಇಳಿಯುತ್ತದೆ.

ಆಮೇಲೆ ಏಜೆನ್ಸಿ. ಡಿಸೈನರ್, ಎಡಿಟರ್, ವಿಡಿಯೋ ತೆಗೆಯುವವರು ಇಂಥವರನ್ನೇ ಕಂಪನಿಗಳಿಗೆ ಹುಡುಕಿಕೊಡುವ ಸಂಸ್ಥೆ. ದೊಡ್ಡವರ ವ್ಯವಹಾರ ಅಂತ ಅಳುಕಿತ್ತು. ಫೋನ್ ಮಾಡಿದ ಹೆಣ್ಣುಮಗಳು ಕ್ಯಾಮೆರಾ ಮಾಡೆಲ್ ಬಗ್ಗೆ ಒಂದು ಮಾತೂ ಆಡಲಿಲ್ಲ. "ಸರ್, ಎಡಿಟ್ ಯಾರು ಮಾಡ್ತಾರೆ? ಕ್ಯಾಮೆರಾ ಯಾರದ್ದು? ಶೂಟ್ ಆದ್ಮೇಲೆ ಫೈಲ್ ಯಾರ ಹತ್ರ ಇರ್ಬೇಕು?" ಅಂತ ಕೇಳಿದಳು. ಮೂರನೇ ಪ್ರಶ್ನೆ ಕೇಳಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಐದು ಜನರ ಶೋರೀಲ್, ಅಂದರೆ ಅವರವರ ಕೆಲಸದ ತುಣುಕು ಜೋಡಿಸಿದ ವಿಡಿಯೋ, ಕಳಿಸಿದಳು. ಐದೂ ಒಂದೇ ಥರ: ಡ್ರೋನು, ಸೂರ್ಯಾಸ್ತ, ಢಂ ಢಂ ಮ್ಯೂಸಿಕ್ಕು. ಅದರಲ್ಲಿ ಯಾವ ಶಾಟ್ ಯಾರು ತೆಗೆದಿದ್ದು ಅಂತ ದೇವರಿಗೇ ಗೊತ್ತು. ನಾನು ಒಂದೇ ಕೇಳಿದೆ: ಕಟ್ ಮಾಡದ, ಮ್ಯೂಸಿಕ್ ಹಾಕದ ಒಂದೇ ಒಂದು ಕ್ಲಿಪ್ ಕಳಿಸಲಿ. ಇಬ್ಬರು ಕಳಿಸಿದರು. ಒಬ್ಬನದು, ಅಜ್ಜಿಯೊಬ್ಬರು ಸಂಡಿಗೆ ಕರಿಯುವುದು, ಮೂರು ನಿಮಿಷ. ಕ್ಯಾಮೆರಾ ಅಲ್ಲಾಡಿಲ್ಲ. ಸಂಡಿಗೆ ಅರಳುವ ಸದ್ದು ಬಿಡಿಬಿಡಿಯಾಗಿ ಕೇಳುತ್ತಿತ್ತು. ಅವನೇ ಸಾಕು ಅಂದೆ.

ಮೂರು ತಿಂಗಳ ಕಾಂಟ್ರ್ಯಾಕ್ಟ್, ತಿಂಗಳಿಗೆ 45,000, ಮೇಲೆ 18% ಜಿಎಸ್‌ಟಿ. ಕ್ಯಾಮೆರಾ ಬಾಡಿಗೆ ನಮ್ಮದು, ದಿನಕ್ಕೆ 2,000ದಂತೆ ತಿಂಗಳಿಗೆ ಆರು ದಿನ. ಉಳಿದ ದಿನ ಎಡಿಟಿಂಗ್.

ಬಂದ ಮೊದಲ ದಿನ ಶೆಡ್ಡಿನ ಮೇಲ್ಗಡೆ ನೋಡಿದ. "ಅಣ್ಣ, ಆ ಎರಡು ಟ್ಯೂಬ್‌ಲೈಟ್ ಆರಿಸ್ತೀರಾ?" ಅಂದ. ಆಮೇಲೆ ಖಾಲಿ ಗೋಣಿಚೀಲ ಕೇಳಿ ತಗಡಿನ ಗೋಡೆಗೆ ನೇತುಹಾಕಿದ, ಸದ್ದು ಗುಂಯ್‌ಗುಡಬಾರದು ಅಂತ. ಮಧ್ಯಾಹ್ನವೆಲ್ಲ ಏನೂ ತೆಗೆಯಲಿಲ್ಲ. ನನಗೋ ಬಾಡಿಗೆ ಮೀಟರ್ ಓಡುತ್ತಿದೆ ಅಂತ ಸಂಕಟ. ನಾಲ್ಕು ಗಂಟೆಗೆ ಬಾಗಿಲಿನಿಂದ ಬಿಸಿಲು ಓರೆಯಾಗಿ ಗಾಣದ ಬಾಯಿಗೆ ಬಿತ್ತು. ಆಗ ಸ್ಟೂಲ್ ಎಳೆದುಕೊಂಡು ಕೂತ. ಎಣ್ಣೆ ಮೊದಲು ಹನಿ ಹನಿ, ಆಮೇಲೆ ನೂಲಿನಷ್ಟು ಸಣ್ಣ ಧಾರೆ, ಪಾತ್ರೆಗೆ ಬಿದ್ದಲ್ಲಿ ಒಂದು ಸುಕ್ಕು. ಅಷ್ಟೇ, 40 ಸೆಕೆಂಡು. ಮಾತಿಲ್ಲ, ಕೊಳಲಿಲ್ಲ. ನಮಗೆ ಈವರೆಗೆ ಜಾಸ್ತಿ ಆರ್ಡರ್ ತಂದ ವಿಡಿಯೋ ಅದೇ.

ಈಗ ಆ ಷರತ್ತಿಗೆ ಬರುತ್ತೇನೆ. ಮೂರು ತಿಂಗಳು ಮುಗಿಯಿತು. ಇನ್ನು ಪ್ರತಿ ತಿಂಗಳು ಅಷ್ಟು ಕೊಡುವ ಶಕ್ತಿ ನನಗಿಲ್ಲ. ತಿಂಗಳಿಗೆ ಎರಡು ದಿನ ಬಂದರೆ ಸಾಕಿತ್ತು. ಹುಡುಗನನ್ನು ನೇರವಾಗಿ ಕರೆಸಿಕೊಳ್ಳುತ್ತೇನೆ ಅಂತ ಏಜೆನ್ಸಿಗೆ ಹೇಳಿದರೆ, ಒಪ್ಪಂದದ ನಾಲ್ಕನೇ ಪುಟ ನೋಡಿ ಅಂದರು. ಕಾಂಟ್ರ್ಯಾಕ್ಟ್ ಮುಗಿದ 12 ತಿಂಗಳೊಳಗೆ ಅದೇ ವ್ಯಕ್ತಿಯನ್ನು ನೇರವಾಗಿ ಇಟ್ಟುಕೊಂಡರೆ ವರ್ಷದ ಸಂಬಳದ 15% ಫೀಸು.

ಕೆಲಸ ಕೊಡಿಸುವವರು 8.33%, ಅಂದರೆ ಒಂದು ತಿಂಗಳ ಸಂಬಳ ತೆಗೆದುಕೊಳ್ಳುವುದು ಗೊತ್ತಿತ್ತು. 15 ಆಗಲಿ, ಒಪ್ಪೋಣ. ಆದರೆ ಯಾವ ಸಂಬಳದ ಮೇಲೆ? ನಾನು ಕೊಡಬೇಕೆಂದಿದ್ದು ವರ್ಷಕ್ಕೆ 24 ದಿನದ ಕೂಲಿ. ಅವರು ಲೆಕ್ಕ ಹಾಕಿದ್ದು 45,000 ಗುಣಿಸು 12, ಅಂದರೆ 5,40,000ದ ಮೇಲೆ. ಫೀಸು 81,000, ಅದಕ್ಕೆ ಜಿಎಸ್‌ಟಿ ಸೇರಿ 95,580. ದಿನವೊಂದಕ್ಕೆ ಹೆಚ್ಚುಕಮ್ಮಿ 4,000 ರೂಪಾಯಿ ಬರೀ ಫೀಸು. ಹುಡುಗನ ಕೂಲಿ ಬೇರೆ.

ಹುಡುಗನೇ ಒಂದು ದಿನ ಮೆಲ್ಲಗೆ ಹೇಳಿದ: "ಅಣ್ಣ, ಭಾನುವಾರ ಬಂದು ಮಾಡ್ಕೊಡ್ತೀನಿ, ಯಾರಿಗ್ ಗೊತ್ತಾಗತ್ತೆ?" ಆಸೆ ಆಗಲಿಲ್ಲ ಅಂದರೆ ಸುಳ್ಳು. 45,000ದಲ್ಲಿ ಅವನ ಕೈಗೆ ಸೇರುತ್ತಿದ್ದುದು 34,000 ಅಂತಲೂ ಅವನೇ ಹೇಳಿದ್ದ. ಆದರೆ ಅವನ ಮುಂದಿನ ಕೆಲಸವೂ ಅದೇ ಏಜೆನ್ಸಿಯಿಂದ ಬರಬೇಕು. ಸಿಕ್ಕಿಬಿದ್ದರೆ ನನಗೆ ಫೀಸು ಹೋಗುತ್ತದೆ, ಅವನಿಗೆ ಅನ್ನ. ಬೇಡ ಅಂದೆ.

ಮೂರು ಮೇಲ್, ಎರಡು ಫೋನ್, ಒಂದು ಸಲ ಸ್ವಲ್ಪ ಜೋರು ದನಿ. ಕೊನೆಗೆ ಅವರೇ ದಾರಿ ಹೇಳಿದರು: ಅವರ ಮೂಲಕವೇ ದಿನಕ್ಕೆ 5,000, ಜಿಎಸ್‌ಟಿ ಬೇರೆ, ತಿಂಗಳಿಗೆ ಕನಿಷ್ಠ ಎರಡು ದಿನ. ಫೀಸು ಇಲ್ಲ. ಈ ರೇಟ್ ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ? ಕೇಳದೆ ಯಾರೂ ಹೇಳುವುದಿಲ್ಲ. ಸಹಿ ಹಾಕುವ ಮುಂಚೆ ಶೇಕಡಾ ಎಷ್ಟು ಅನ್ನುವುದಕ್ಕಿಂತ ಯಾವುದರ ಮೇಲೆ ಅಂತ ಕೇಳಿ. ನೀವು ನಿಜವಾಗಿ ಕೊಡುವ ದುಡ್ಡಿನ ಮೇಲೆ ಅಂತ ಬರೆಸಿಕೊಳ್ಳಿ.

ಉಳಿದದ್ದು ಚುಟುಕಾಗಿ. ಫೈಲು: ಏಜೆನ್ಸಿ ಒಪ್ಪಂದದಲ್ಲಿ ಎಲ್ಲವೂ ನನ್ನದು. ಆದರೆ ಡಿಸ್ಕ್ ನೀವೇ ಕೊಳ್ಳಬೇಕು, ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ (ಎಂಬಿಪಿಎಸ್) ತೆಗೆದ ಫೋರ್‌ಕೆ, ಅಂದರೆ ಹೆಚ್ಚು ಸ್ಪಷ್ಟತೆಯ ವಿಡಿಯೋ, ಗಂಟೆಗೆ 45 ಜಿಬಿ ನುಂಗುತ್ತದೆ. ಹುಷಾರಿಲ್ಲದ ದಿನ: ಏಜೆನ್ಸಿ ಬದಲಿ ಜನ ಕಳಿಸಿತು, ಬಂದವನು ಸಾಧಾರಣ. ಚೌಕಾಸಿ: ಪರಿಚಯದ ಹುಡುಗನ ಹತ್ತಿರ ನಡೆಯುತ್ತದೆ, ಉಳಿದ ಕಡೆ ಇಲ್ಲ. ಜಿಎಸ್‌ಟಿ: ನಮ್ಮ ಎಣ್ಣೆಗೆ 5%, ಅವರ ಬಿಲ್ಲಿಗೆ 18%. ಜಿಎಸ್‌ಟಿ ನಂಬರ್ ಇರುವವರಿಗೆ ಕ್ರೆಡಿಟ್ ಸಿಗುತ್ತದೆ, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ಇಲ್ಲದವರಿಗೆ ಅದು ನೇರ ಖರ್ಚು.

ಮೂರು ತಿಂಗಳಿಗೆ ಬಾಡಿಗೆ ಸೇರಿ 1,71,000 ಆಯಿತು, ಜಿಎಸ್‌ಟಿ ಬಿಟ್ಟು. ವಿಡಿಯೋ 23. ಒಂದಕ್ಕೆ ಏಳು ಸಾವಿರದ ಮೇಲೆ. ಸ್ಟುಡಿಯೋದ್ದು ಆರು ಸಾವಿರಕ್ಕೇ ಮುಗಿದಿತ್ತು, ಆದರೆ ಆ ಮೂರರಲ್ಲಿ ನಾನು ಹಾಕಿದ್ದು ಒಂದನ್ನೇ. ನೀವು ಜನರ ಹಿಂದೆ ಬಿದ್ದು ಫೋನ್ ಮಾಡಿ ಕೆಲಸ ತೆಗೆಯುವವರಾದರೆ ನೇರವಾಗಿ ಹುಡುಗನನ್ನೇ ಹಿಡಿಯಿರಿ, ಏಜೆನ್ಸಿಯ ಪಾಲಿನ ದುಡ್ಡು ಉಳಿಯುತ್ತದೆ. ನನಗೆ ಅದು ಆಗುವುದಿಲ್ಲ. ಎರಡನೇ ಸಲ ಫೋನ್ ಮಾಡುವುದಕ್ಕೇ ಸಂಕೋಚ. ವರ್ಷಕ್ಕೆ ಒಂದೇ ವಿಡಿಯೋ ಸಾಕು ಅನ್ನುವವರಿಗೆ ಆಷಾಢದ ಸ್ಟುಡಿಯೋ ಸಾಕು, ಪಕಳೆ ಬೇಡ ಅಂತ ಮೊದಲೇ ಬರೆದುಕೊಡಿ.

ಈ ಸಲ ಪರಿಷೆಗೆ ಎರಡು ದಿನ ಏಜೆನ್ಸಿ ಮೂಲಕ ಬುಕ್ ಆಗಿದೆ. ಅದೇ ಸಂಡಿಗೆ ಕ್ಲಿಪ್‌ನ ಹುಡುಗ. ಬೆಳಿಗ್ಗೆ ಐದೂವರೆಗೆ ಬರುತ್ತಾನಂತೆ. ಪೀಪಿಯವರನ್ನು ಏನು ಮಾಡೋದು ಅಂತ ಈಗಲೇ ಕೇಳುತ್ತಿದ್ದಾನೆ.