ಒಂದು ಸ್ವರದ ಕೆಲಸಕ್ಕೆ ಇಡೀ ಪಾಠಮಾಲೆ

ಇಂಗ್ಲಿಷ್ ವಾಕ್ಯದಲ್ಲಿ ರಿಲೇಟಿವ್ ಕ್ಲಾಜ್ (‘ಹೂ’, ‘ವಿಚ್’ ಮೊದಲಾದವುಗಳಿಂದ ಶುರುವಾಗಿ ನಾಮಪದವನ್ನು ವಿವರಿಸುವ ಉಪವಾಕ್ಯ) ಮತ್ತು ಪ್ರಿಪೊಸಿಷನ್ ಪದಗುಚ್ಛಗಳನ್ನು (‘ಇನ್’, ‘ಆನ್’ ಮೊದಲಾದವುಗಳಿಂದ ಶುರುವಾಗುವಂಥವು) ಎಲ್ಲಿ ಇಡಬೇಕು ಎಂಬುದಷ್ಟನ್ನೇ ಕಲಿಸುವ ಅಂತರ್ಜಾಲ ಪಾಠಮಾಲೆಯೊಂದನ್ನು, ಅದರ ಎಲ್ಲ ಅಭ್ಯಾಸಗಳ ಸಮೇತ ಮುಗಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಪಾಠಮಾಲೆಯ ಬಲವಿರುವುದು ಪ್ರಿಪೊಸಿಷನ್ ಭಾಗದಲ್ಲಿ. ‘ಶಿ ಫೆಡ್ ದ ಡಾಗ್ ಇನ್ ಎ ರೆಡ್ ಕೋಟ್’ ಎಂಬ ವಾಕ್ಯವನ್ನು ಮುಂದಿಟ್ಟು, ಕೋಟು ಯಾರ ಮೈಮೇಲಿದೆ ಎಂದು ಅದು ಕೇಳುತ್ತದೆ. ಕನ್ನಡದಲ್ಲಿ ‘ಕೆಂಪು ಕೋಟು ತೊಟ್ಟ ನಾಯಿಗೆ ಊಟ ಹಾಕಿದಳು’ ಎಂದರೆ ಕೋಟು ನಾಯಿಯದು, ‘ಕೆಂಪು ಕೋಟು ತೊಟ್ಟು ನಾಯಿಗೆ ಊಟ ಹಾಕಿದಳು’ ಎಂದರೆ ಅವಳದು. ಒಂದೇ ಸ್ವರ ವ್ಯಾಜ್ಯವನ್ನು ತೀರಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಹೊಣೆ ಬಹುಪಾಲು ಪದಗುಚ್ಛದ ಸ್ಥಾನದ ಮೇಲೆಯೇ ಬೀಳುತ್ತದೆ. ‘ಇನ್ ಎ ರೆಡ್ ಕೋಟ್’ ಎಂಬುದನ್ನು ಬೆರಳಿನಿಂದ ಎಳೆದು ವಾಕ್ಯದ ಮೊದಲಿಗೆ ತಂದರೆ, ಪಕ್ಕದ ಚಿತ್ರದಲ್ಲಿ ಕೋಟು ನಾಯಿಯಿಂದ ಅವಳಿಗೆ ವರ್ಗವಾಗುತ್ತದೆ. ಪುಟಗಟ್ಟಲೆ ವಿವರಣೆಗಿಂತ ಇದು ನನ್ನ ಮನಸ್ಸಿಗೆ ಬೇಗ ನಾಟಿತು.

ರಿಲೇಟಿವ್ ಕ್ಲಾಜ್ ಭಾಗದ ಆರಂಭವೂ ಚೆನ್ನಾಗಿದೆ. ನಾಮಪದಕ್ಕೆ ಮೊದಲೇ ‘ನಿನ್ನೆ ತಂದ’ ಎಂದು ಹೇಳಿ ಮುಗಿಸುವ ನಮಗೆ, ಇಂಗ್ಲಿಷಿನಲ್ಲಿ ಅದು ನಾಮಪದದ ನಂತರ ಬರುತ್ತದೆ ಎಂಬುದು ಗೊತ್ತಿದ್ದರೂ, ನಡುವೆ ಇನ್ನೊಂದು ನಾಮಪದ ನುಸುಳಿದಾಗ ಎಚ್ಚರ ತಪ್ಪುತ್ತದೆ. ‘ಶಿ ಕೆಪ್ಟ್ ದ ಬುಕ್ ಆನ್ ದ ಟೇಬಲ್ ವಿಚ್ ಶಿ ಹ್ಯಾಡ್ ಬಾರೋಡ್’ ಎಂದು ಬರೆದರೆ, ಅವಳು ಎರವಲು ತಂದದ್ದು ಪುಸ್ತಕವಾದರೂ, ಓದುವವರು ಮೇಜನ್ನೇ ಹೊತ್ತು ತಂದಳೆಂದು ತಿಳಿಯಬಹುದು.

ಆದರೆ ಹತ್ತಿರದ ನಾಮಪದಕ್ಕೇ ಕ್ಲಾಜ್ ಸೇರುತ್ತದೆ ಎಂಬುದನ್ನು ಪಾಠಮಾಲೆ ವಿನಾಯಿತಿಯಿಲ್ಲದ ಕಾನೂನಿನಂತೆ ಜಾರಿಗೊಳಿಸುತ್ತದೆ. ‘ದ ಪೇಜಸ್ ಆಫ್ ದ ಬುಕ್ ವಿಚ್ ವರ್ ಟಾರ್ನ್’ ಎಂಬ ನನ್ನ ಉತ್ತರ ತಪ್ಪೆಂದು ಕೆಂಪು ಗುರುತು ಬಿತ್ತು. ಹರಿದವು ಪುಟಗಳೇ ಎಂಬುದನ್ನು ‘ವರ್’ ಎಂಬ ಬಹುವಚನದ ಕ್ರಿಯಾಪದ ಸಾರಿ ಹೇಳುತ್ತಿದೆ. ‘ಆಫ್ ದ ಬುಕ್’ ಎಂಬುದನ್ನು ‘ಪೇಜಸ್’ನಿಂದ ಕಿತ್ತು ಬೇರೆಡೆ ಇಡಲು ಸಹಜವಾದ ಜಾಗವೂ ಇಲ್ಲ. ಆಕ್ಷೇಪ ಸಲ್ಲಿಸಲು ಗುಂಡಿಯೇನೋ ಇದೆ. ಅದನ್ನು ಒತ್ತಿದರೆ ಅದೇ ನಿಯಮ ಮತ್ತೊಮ್ಮೆ ತೆರೆದುಕೊಳ್ಳುತ್ತದೆ.

ಅಲ್ಪವಿರಾಮದ ಪಾಠ ಒಂದೇ ಪರದೆಯಲ್ಲಿ ಮುಗಿಯುತ್ತದೆ. ‘ಮೈ ಬ್ರದರ್ ಹೂ ಲಿವ್ಸ್ ಅಬ್ರಾಡ್’ ಎಂಬಲ್ಲಿ ವಿರಾಮವಿಲ್ಲದಿದ್ದರೆ ಬೇರೆ ಸಹೋದರರೂ ಇದ್ದಾರೆಂಬ ಧ್ವನಿ ಬರುತ್ತದೆ ಎಂಬ ಮಾತು ಅಲ್ಲಿ ಕೊನೆಯ ಸಾಲಿನಲ್ಲಿದೆ, ಅದಕ್ಕೊಂದು ಅಭ್ಯಾಸವೂ ಇಲ್ಲ. ಮೊದಲ ಭಾಗಕ್ಕಾಗಿ ಇದನ್ನು ಕೊಳ್ಳಬಹುದು; ಎರಡನೆಯ ಭಾಗದ ಅಂಕಗಳನ್ನು ನಾನಂತೂ ಲೆಕ್ಕಕ್ಕೆ ಹಿಡಿಯಲಿಲ್ಲ.