349 ರೂಪಾಯಿಯ ಗಿರಗಿಟ್ಲೆ, ಅವ್ವನ ಈಳಿಗೆ, ನನ್ನ ಹಳೇ ಚಾಕು

ಕಲ್ಲಂಗಡಿ ಹೆಚ್ಚುವ ಪೈಪೋಟಿಯಲ್ಲಿ ಗೆದ್ದಿದ್ದು ಹಳೇ ಚಾಕು. ಆರು ವರ್ಷದಿಂದ ಅಡುಗೆಮನೆ ಡ್ರಾದಲ್ಲಿ ಬಿದ್ದಿದ್ದ ಎಂಟಿಂಚಿನ ಚಾಕು. ಅಷ್ಟು ಗೊತ್ತಾಗೋಕೆ ನಾನು 349 ರೂಪಾಯಿ ಕಳೆದುಕೊಳ್ಳಬೇಕಾಯಿತು.

ವಿಜಯಪುರದ ಬೇಸಿಗೆ ಗೊತ್ತಲ್ವಾ? ಬಿಸಿಲು 40 ಡಿಗ್ರಿ ದಾಟಿತೆಂದರೆ ನಮ್ಮ ಮನೆಯಲ್ಲಿ ರಾತ್ರಿ ಊಟ ಹೆಸರಿಗಷ್ಟೇ. ಎಂಟೂವರೆಗೆ ಎಲ್ಲರೂ ಮಾಳಿಗೆ ಹತ್ತಿ ಕೂರುತ್ತಾರೆ. ಕೆಳಗಿನಿಂದ ಕಲ್ಲಂಗಡಿ ಬರಬೇಕು. ಹೆಚ್ಚುವವಳು ನಾನು. ವಾರಕ್ಕೆ ಮೂರು ಹಣ್ಣು, ಒಂದೊಂದೂ ನಾಲ್ಕೈದು ಕೆಜಿ. ಕಲ್ಲಂಗಡಿಯಲ್ಲಿ ನೂರಕ್ಕೆ 92 ಪಾಲು ನೀರೇ. ಅದರಲ್ಲಿ ಅರ್ಧ ನನ್ನ ಕಟ್ಟೆಯ ಮೇಲೆ ಹರಿಯುತ್ತಿತ್ತು, ಬೆಳಿಗ್ಗೆ ಎದ್ದರೆ ಇರುವೆ ಸಾಲು.

ಈ ರಗಳೆ ತಪ್ಪಲಿ ಎಂದು ಆನ್‌ಲೈನ್‌ನಲ್ಲಿ ಆ ಸ್ಟೀಲ್ ಕಟ್ಟರ್ ತರಿಸಿದೆ. ನೀವೂ ವಿಡಿಯೋದಲ್ಲಿ ನೋಡಿರುತ್ತೀರಿ. ಹಿಡಿಕೆಯ ತುದಿಗೆ ಜಾತ್ರೆಯ ಗಿರಗಿಟ್ಲೆಯಂಥ ಚಕ್ರ. ಅರ್ಧ ಹಣ್ಣಿನ ಮೇಲೆ ಸುಮ್ನೆ ತಳ್ಳಿದರೆ ಸಾಕು, ಚಕ್ರ ತಿರುಗುತ್ತಾ ಚೌಕ ಚೌಕ ಹೋಳು ಉದುರಿಸುತ್ತದೆ.

ಮೊದಲ ಸಾಲು ನಿಜವಾಗಿಯೂ ಹಾಗೇ ಬಂತು. ಏಳೆಂಟು ಹೋಳು, ಅಳತೆ ಹಿಡಿದು ಕೊಯ್ದ ಹಾಗೆ. ಮಗ ಚಪ್ಪಾಳೆ ಹೊಡೆದ. ಎರಡನೇ ಸಾಲಿನಲ್ಲಿ ಕಟಕ್ ಎಂದು ಸದ್ದಾಗಿ ಚಕ್ರ ನಿಂತಿತು. ನೋಡಿದರೆ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಒಂದು ಕರಿ ಬೀಜ ಸಿಕ್ಕಿಕೊಂಡಿದೆ. ಚಾಕುವಿನ ತುದಿಯಿಂದ ಮೀಟಿ ತೆಗೆದೆ. ಎರಡು ಇಂಚು ಹೋಯಿತು, ಮತ್ತೆ ಕಟಕ್. ಈ ಸಲ ಎರಡು ಬೀಜ. ನನಗೂ ಹಟ ಬಂತು, ಒತ್ತಿ ತಳ್ಳಿದೆ. ತಿರುಗದ ಚಕ್ರ ಕತ್ತರಿಸುವುದಿಲ್ಲ, ನೇಗಿಲಿನ ಹಾಗೆ ಉಳುತ್ತದೆ. ಹಣ್ಣು ಚೆನ್ನಾಗಿ ಮಾಗಿ ಸಕ್ಕರೆ ಸಕ್ಕರೆಯಾಗಿತ್ತು, ಪೂರ್ತಿ ಪುಡಿಯಾಯಿತು. ಪರಾತದಲ್ಲಿ ಉಳಿದದ್ದನ್ನು ನೋಡಿ ಅವ್ವ, “ಏನವಾ ಇದು, ಕಲ್ಲಂಗಡಿನೋ ಚಟ್ನಿನೋ?” ಎಂದಳು.

ಆ ರಾತ್ರಿ ಜಾಹೀರಾತಿನ ವಿಡಿಯೋವನ್ನು ಇನ್ನೊಂದು ಸಲ ಹಾಕಿ ನೋಡಿದೆ. ಅದರಲ್ಲಿದ್ದ ಹಣ್ಣಿಗೆ ಬೀಜವೇ ಇಲ್ಲ! ಗಾಂಧಿ ಚೌಕದ ಗಾಡಿಯಿಂದ ನಾನು ತರುವ ಹಣ್ಣಿನಲ್ಲಿ ಮುಷ್ಟಿಗಟ್ಟಲೆ ಬೀಜ. ಅವು ಎಲ್ಲೆಂದರಲ್ಲಿ ಇರುವುದೂ ಇಲ್ಲ. ಅಡ್ಡ ಕೊಯ್ದು ನೋಡಿ, ನಡುವಿನ ತಿರುಳಿಗೂ ಸಿಪ್ಪೆಗೂ ಮಧ್ಯೆ ಬಳೆಯ ಹಾಗೆ ಸುತ್ತಿಕೊಂಡಿರುತ್ತವೆ. ಚಕ್ರ ಎತ್ತ ಹೋದರೂ ಆ ಬಳೆ ದಾಟಲೇಬೇಕು. ಜೊತೆಗೆ ಹಣ್ಣಿನ ತಳ ಗುಂಡಗೆ, ಕಟ್ಟರ್ ಹೋಗುವುದು ನೆಟ್ಟಗೆ. ಹಾಗಾಗಿ ಅಂಚಿನಲ್ಲಿ ಎರಡು ಬೆರಳು ದಪ್ಪ ತಿರುಳು ಹಾಗೇ ಉಳಿಯುತ್ತದೆ. ಅದನ್ನು ಕೆರೆಯೋಕೆ ಮತ್ತೆ ಚಮಚ ಬೇಕು. ತೊಳೆಯುವಾಗ ಅಚ್ಚಿನ ಸಂದಿಯೊಳಗೆ ನಾರು, ಅದಕ್ಕೆ ಹಳೇ ಹಲ್ಲುಜ್ಜುವ ಬ್ರಷ್ ಬೇಕು. ವಾಪಸ್ ಕಳಿಸೋಣ ಎಂದರೆ “ಬಳಸಿದ ವಸ್ತು ತೆಗೆದುಕೊಳ್ಳುವುದಿಲ್ಲ” ಎಂಬ ಉತ್ತರ ಬಂತು. ಬಳಸದೆ ಕೆಟ್ಟದ್ದೆಂದು ಹೇಗೆ ಗೊತ್ತಾಗಬೇಕು, ಅವರೇ ಹೇಳಬೇಕು.

ಪಕ್ಕದ ಮನೆಯವರ ಹತ್ತಿರ ಹನ್ನೆರಡು ಹೋಳು ಮಾಡುವ ದುಂಡನೆ ಕಟ್ಟರ್ ಇದೆ. ಅದನ್ನು ಒತ್ತೋಕೆ ಇಬ್ಬರು ಬೇಕು, ದೊಡ್ಡ ಹಣ್ಣಾದರೆ ಬಳೆಯೊಳಗೆ ಕೂರುವುದೇ ಇಲ್ಲ. ಅಷ್ಟೇ.

ಇನ್ನು ಅವ್ವನ ಈಳಿಗೆ. ಅದರ ಬಗ್ಗೆ ಕೆಟ್ಟ ಮಾತು ಆಡೋ ಹಾಗಿಲ್ಲ. ಅಲುಗು ಕಾಲಿನ ಕೆಳಗೆ ಭದ್ರ, ಹಣ್ಣು ಎರಡೂ ಕೈಯಲ್ಲಿ ಭದ್ರ, ಜಾರುವ ಮಾತೇ ಇಲ್ಲ. ಕರಬೂಜಕ್ಕಂತೂ ಅದನ್ನು ಮೀರಿಸಿದ್ದಿಲ್ಲ. ಕರಬೂಜದ ಬೀಜವೆಲ್ಲ ನಡುವಿನ ಪೊಳ್ಳಿನಲ್ಲೇ ಇರುತ್ತದೆ. ಎರಡು ಹೋಳು ಮಾಡಿ ಚಮಚದಲ್ಲಿ ಒಂದು ಸಲ ಬಳಿದರೆ ಮುಗಿಯಿತು. ಆಮೇಲೆ ಅವ್ವನ ಕೈ ಓಡುವುದನ್ನು ನೋಡಬೇಕು. ಆದರೆ ಐದು ಕೆಜಿ ಕಲ್ಲಂಗಡಿಯನ್ನು ಎತ್ತಿ ಅಲುಗಿಗೆ ಒತ್ತುವುದು ಕುಸ್ತಿಯೇ ಸರಿ. ಅವ್ವನಿಗೆ ಮೊಣಕಾಲು ನೋವು, ನನಗೆ ನೆಲದ ಮೇಲೆ ಕೂತು ಹೆಚ್ಚುವ ರೂಢಿಯೇ ಇಲ್ಲ.

ಕಡೆಗೆ ಚಾಕುವಿಗೇ ಬಂದೆ. ಸೈಕಲ್ ಮೇಲೆ ಸಾಣೆ ಚಕ್ರ ಇಟ್ಟುಕೊಂಡು ಓಣಿಗೆ ಬರುವವರಿಗೆ 30 ರೂಪಾಯಿ ಕೊಟ್ಟು ಮಸೆಸಿದೆ. ಹೆಚ್ಚುವ ರೀತಿಯನ್ನೂ ಬದಲಿಸಿದೆ. ಮುಂಚೆ ಹಣ್ಣನ್ನು ಮಲಗಿಸಿ, ಉರುಳದ ಹಾಗೆ ಒಂದು ಕೈಯಲ್ಲಿ ಒತ್ತಿ ಹಿಡಿದು, ಚಂದ್ರನಂಥ ಹೋಳು ಮಾಡುತ್ತಿದ್ದೆ. ಕಚ್ಚಿದರೆ ಕೆನ್ನೆಯಿಂದ ಕಿವಿವರೆಗೆ ರಸ.

ಈಗ ಹೀಗೆ. ಹಣ್ಣನ್ನು ನಡುವೆ ಎರಡು ಮಾಡಿ, ಒಂದು ಅರ್ಧವನ್ನು ಹಲಗೆಯ ಮೇಲೆ ಬೋರಲು ಹಾಕುತ್ತೇನೆ. ಕೊಯ್ದ ಮುಖ ಕೆಳಗೆ, ಹಸಿರು ಬೆನ್ನು ಮೇಲೆ, ಗೋಳಗುಮ್ಮಟ ಕೂತ ಹಾಗೆ. ಉರುಳುವುದಿಲ್ಲ. ಹಲಗೆಯ ಕೆಳಗೆ ಒದ್ದೆ ಬಟ್ಟೆ ಇಟ್ಟರೆ ಹಲಗೆಯೂ ಜಾರುವುದಿಲ್ಲ. ಇಂಚಿಗೊಂದರಂತೆ ಉದ್ದಕ್ಕೆ ಪೂರ್ತಿ ಕೊಯ್ಯಬೇಕು. ಹಲಗೆಯನ್ನೇ ತಿರುಗಿಸಿ, ಹಣ್ಣು ಬಿಚ್ಚಿಕೊಳ್ಳದ ಹಾಗೆ ಎಡಗೈಯಲ್ಲಿ ತಬ್ಬಿ ಹಿಡಿದು, ಅಡ್ಡಕ್ಕೂ ಹಾಗೇ. ಮೇಲಿನ ಸಿಪ್ಪೆ ಹಿಡಿದು ಎಳೆದರೆ ಒಂದೊಂದೇ ಕಡ್ಡಿ ಎದ್ದು ಬರುತ್ತದೆ. ತುದಿಯಲ್ಲಿ ಹಸಿರು ಹಿಡಿಕೆ, ಕೆಳಗೆ ಪೂರ್ತಿ ಕೆಂಪು. ಬೀಜ ಬದಿಯಲ್ಲೇ ಕಾಣುತ್ತದೆ, ಬೆರಳಲ್ಲಿ ತಟ್ಟಿದರೆ ಉದುರುತ್ತದೆ. ತಾಟು ಬೇಡ, ಫೋರ್ಕ್ ಬೇಡ, ಮಕ್ಕಳ ಅಂಗಿಯೂ ಉಳಿಯುತ್ತದೆ. ಮೊದಲ ದಿನ ನನಗೆ ಹತ್ತು ನಿಮಿಷ ಹಿಡಿಯಿತು, ಈಗ ಮೂರು.

ಕೊರತೆ ಇಲ್ಲವೆಂದಲ್ಲ. ಅಂಚಿನ ಕಡ್ಡಿಗಳು ಗಿಡ್ಡ, ಸಿಪ್ಪೆಯೇ ಜಾಸ್ತಿ. ಟಿಫಿನ್ ಡಬ್ಬಿಗೆ ಹಾಕೋಕೆ ಸಿಪ್ಪೆ ತೆಗೆದ ಹೋಳೇ ಬೇಕು. ಹಲ್ಲಿಲ್ಲದ ಹಿರಿಯರಿದ್ದರೂ ಅಷ್ಟೇ.

ಯಾವುದರಲ್ಲಿ ಹೆಚ್ಚಿದರೂ ಹಣ್ಣನ್ನು ಮೊದಲು ತೊಳೆಯಿರಿ. ಸಿಪ್ಪೆ ತಿನ್ನಲ್ಲ, ಯಾಕೆ ತೊಳೀಬೇಕು ಎಂದು ನಾನೂ ಕೇಳುತ್ತಿದ್ದೆ. ಮೇಲಿನ ಕೊಳೆಯನ್ನು ಅಲುಗು ಒಳಗೆ ಎಳೆದುಕೊಂಡು ಹೋಗುತ್ತದೆ. ಬಲೆ ಬಲೆ ಸಿಪ್ಪೆಯ ಕರಬೂಜವನ್ನಂತೂ ಉಜ್ಜಿಯೇ ತೊಳೆಯಬೇಕು. 2011ರಲ್ಲಿ ಅಮೆರಿಕದಲ್ಲಿ ಲಿಸ್ಟೇರಿಯಾ ಬ್ಯಾಕ್ಟೀರಿಯಾ ಅಂಟಿದ್ದ ಕರಬೂಜ ತಿಂದು 33 ಜನ ಸತ್ತಿದ್ದರು. ಹೆಚ್ಚಿದ ಹಣ್ಣನ್ನು 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗಿಡಬಾರದು ಎನ್ನುತ್ತಾರೆ. ನಮ್ಮ ಅಡುಗೆಮನೆ ಯಾವತ್ತು ಅದಕ್ಕಿಂತ ತಣ್ಣಗಿರುತ್ತದೆ? ಅದಕ್ಕೇ ಒಂದು ಸಲಕ್ಕೆ ಅರ್ಧವೇ ಹೆಚ್ಚುತ್ತೇನೆ. ಇನ್ನರ್ಧ ತಾಟಿನ ಮೇಲೆ ಬೋರಲಾಗಿ ಫ್ರಿಜ್‌ಗೆ.

ನಿಮಗೆ ನೆಲದ ಮೇಲೆ ಕೂತು ಹೆಚ್ಚುವ ರೂಢಿಯಿದ್ದು ಮೊಣಕಾಲೂ ಗಟ್ಟಿಯಿದ್ದರೆ ಈಳಿಗೆ ಬಿಡಬೇಡಿ. ನನ್ನಂತೆ ನಿಂತು ಹೆಚ್ಚುವವರಿಗೆ ಹಳೇ ಚಾಕು, 30 ರೂಪಾಯಿ ಸಾಣೆ. ಗಿರಗಿಟ್ಲೆಗೆ ದುಡ್ಡು ಹಾಕುವುದಾದರೆ ಅದೇ ದುಡ್ಡಿಗೆ ಹಣ್ಣು ತನ್ನಿ.

ಈಗ ಮಾಳಿಗೆಯ ಮೇಲೆ ಹೊಸ ಜಗಳ ಶುರುವಾಗಿದೆ. ಗುಮ್ಮಟದ ನಟ್ಟನಡುವಿನ ಕಡ್ಡಿಯೇ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಸಿಹಿ, ಬೀಜವೂ ಕಡಿಮೆ. ನಿನ್ನೆ ಮಕ್ಕಳಿಬ್ಬರೂ ಅದಕ್ಕಾಗಿ ಕಿತ್ತಾಡುವಾಗ ಅವ್ವ ಮೆಲ್ಲಗೆ ಎತ್ತಿಕೊಂಡು ತಿಂದುಬಿಟ್ಟಳು.