ದುಬಾರಿ ಸ್ಕಾಚ್‌ಗೆ ಬದಲಿ ಯಾವುದು? ಕಾರವಾರದ ಮೂರು ಸಂಜೆ, ಒಂಬತ್ತು ಬಾಟ್ಲಿ

ದೀಪಾವಳಿ ಹೊತ್ತಿಗೆ ಕಾರವಾರದ ವೈನ್ ಶಾಪೊಂದರಲ್ಲಿ ನನ್ನ ಮಾಮೂಲಿ ಗ್ಲೆನ್‌ಲಿವೆಟ್ 12 ಕೇಳಿದೆ. ಅದು ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಅದರಲ್ಲೂ ಸಿಂಗಲ್ ಮಾಲ್ಟ್. ಕೌಂಟರಿನ ಹುಡುಗ ಬಾಟ್ಲಿ ಇಳಿಸಿ, ಏನೂ ಮಾತಾಡದೆ, ಎಂಆರ್‌ಪಿ ಕಾಣುವ ಹಾಗೆ ತಿರುಗಿಸಿ ಇಟ್ಟ. ನಾನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಬಾಟ್ಲಿಯನ್ನೇ ನೋಡಿದೆವು. ಆಮೇಲೆ ಅವನೇ ಅದನ್ನು ವಾಪಸ್ ಮೇಲಿಟ್ಟ. ಅವತ್ತು ಮೀನು ಮಾರ್ಕೆಟ್ಟಿಗೆ ಹೋಗಿ ಒಂದು ಕೆಜಿ ಸಿಗಡಿ ತಗೊಂಡು ಮನೆಗೆ ಬಂದೆ.

ನಾನು ದಿನಾ ಕುಡಿಯುವವನಲ್ಲ. ಶನಿವಾರ ಎರಡು ಪೆಗ್, ಅಷ್ಟೇ. ಒಂದು ಫುಲ್ ಬಾಟ್ಲಿ ಒಂದೂವರೆ ತಿಂಗಳು ಬರುತ್ತದೆ. ಅಷ್ಟಕ್ಕೂ ಯೋಚಿಸಿ ಕೊಳ್ಳಬೇಕಾದ ಸ್ಥಿತಿ ಬಂದರೆ ಬೇರೆ ದಾರಿ ಹುಡುಕಬೇಕು ಅಲ್ವಾ?

ಬೆಲೆ ಯಾಕೆ ಹೀಗೆ ಏರುತ್ತದೆ ಅನ್ನೋದಕ್ಕೆ ಅರ್ಧ ಕಾರಣ ಸ್ಕಾಟ್ಲೆಂಡಿನಲ್ಲೇ ಇದೆ. ಸಿಂಗಲ್ ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ, ಒಂದೇ ಡಿಸ್ಟಿಲರಿಯಲ್ಲಿ ಮಾಡಿದ ವಿಸ್ಕಿ. ಓಕ್ ಮರದ ಪೀಪಾಯಿಯಲ್ಲಿ ಕಡಿಮೆ ಅಂದರೂ 3 ವರ್ಷ ಇರಬೇಕು. ಲೇಬಲ್ ಮೇಲೆ 12 ಅಂತ ಇದ್ದರೆ ಅದರಲ್ಲಿರುವ ಅತಿ ಎಳೆಯ ಹನಿಗೂ 12 ವರ್ಷ ಆಗಿರಬೇಕು. ಈಗ ಲೋಕಕ್ಕೆಲ್ಲ ಬೇಕು ಅಂದರೆ, 12 ವರ್ಷ ಹಿಂದಕ್ಕೆ ಹೋಗಿ ಜಾಸ್ತಿ ಪೀಪಾಯಿ ತುಂಬಿಸಿ ಬರೋಕೆ ಆಗುತ್ತಾ? ಇನ್ನರ್ಧ ಕಾರಣ ನಮ್ಮದು. ಆಮದು ಸುಂಕವೇ ವರ್ಷಗಳಿಂದ 150% ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ. 2025ರ ಜುಲೈ 24ರಂದು ಬ್ರಿಟನ್ ಜೊತೆ ಸಹಿಯಾದ ಒಪ್ಪಂದದಲ್ಲಿ ಸುಂಕ ಮೊದಲು 75%ಗೆ, ಹತ್ತು ವರ್ಷದಲ್ಲಿ 40%ಗೆ ಇಳಿಯಬೇಕು ಅಂತ ಇದೆ. ಹಾಗಂತ ಅಂಗಡಿ ಬೆಲೆ ಅರ್ಧ ಆಗುತ್ತದೆ ಅಂತ ಕಾಯಬೇಡಿ. ಸುಂಕ ಬೀಳೋದು ಬಂದರಿಗೆ ಇಳಿದ ಮಾಲಿನ ಬೆಲೆಗೆ. ಬೆಂಗಳೂರಿನ ಅಬಕಾರಿ ಲೆಕ್ಕವೇ ಬೇರೆ. 2024ರ ಆಗಸ್ಟ್ 27ರಿಂದ ಕರ್ನಾಟಕ ದುಬಾರಿ ಮದ್ಯದ ಬೆಲೆ ಇಳಿಸಿದಾಗ ನಾವೆಲ್ಲ ಖುಷಿಪಟ್ಟಿದ್ದೆವು. ಆ ಖುಷಿ ಎಷ್ಟು ದಿನ ಇತ್ತು ಅನ್ನೋದು ಮೇಲಿನ ಸಿಗಡಿ ಕತೆಯಲ್ಲೇ ಗೊತ್ತಾಯಿತಲ್ಲ.

"ಮಾಜಾಳಿ ದಾಟಿದರೆ ಗೋವಾ, ಅಲ್ಲಿಂದ ತಗೊಂಡು ಬಾ" ಅಂತ ಹೇಳದ ಕಾರವಾರಿಗನಿಲ್ಲ. ಹೌದು, ಅಲ್ಲಿ ಅಗ್ಗ. ಆದರೆ ಪರ್ಮಿಟ್ ಇಲ್ಲದೆ ಗಡಿ ದಾಟಿಸುವುದು ಅಪರಾಧ. ಎರಡು ಬಾಟ್ಲಿ ಉಳಿತಾಯಕ್ಕೆ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿಕೊಂಡು ನಿಲ್ಲುವ ವಯಸ್ಸು ನನ್ನದಲ್ಲ. ಗೋವಾದ್ದು ಗೋವಾದಲ್ಲೇ ಕುಡಿಯಬೇಕು. ಶಿರವಾಡದಲ್ಲಿ ರೈಲು ಹತ್ತಿ ಕಾಣಕೋಣದಲ್ಲಿ ಇಳಿದು, ಒಂದು ಪೆಗ್ ರುಚಿ ನೋಡಿ, ಊಟ ಮಾಡಿ ಬರುವುದು. ಬಾಟ್ಲಿ ಕೊಳ್ಳುವ ಮೊದಲು ಹಾಗೆ ಎರಡು ಮೂರು ಬ್ರ್ಯಾಂಡ್ ಪರೀಕ್ಷೆ ಮಾಡಿದ್ದೂ ಉಂಟು.

ಹೋಲಿಕೆಗೆ ಬೇಕಾದ ಬಾಟ್ಲಿ ಕೂಡಿಸಲು ಏಳು ತಿಂಗಳು ಹಿಡಿಯಿತು. ಮೂರು ಜನ ಸೇರಿ ಕೊಂಡಿದ್ದು. ನಾನು, ಶಿರಸಿ ಕಡೆ ಅಡಿಕೆ ತೋಟ ಇರುವ ಗೆಳೆಯ (ನಾನು ಅವನನ್ನು ಭಾವ ಅಂತಲೇ ಕರೆಯೋದು), ಮತ್ತು ಇಲ್ಲಿಯ ಮೀನುಗಾರಿಕೆ ಬಂದರು ಬೈತ್ಕೋಲದ ಒಬ್ಬ ತಾಂಡೇಲ (ಮೀನು ಬೋಟ್ ನಡೆಸುವವ). ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್ ಇರುವುದರಿಂದ ತಾಂಡೇಲನಿಗೂ ಪುರುಸೊತ್ತು. ಮೂರು ಶನಿವಾರ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಕೂತೆವು. ಒಂದೇ ಸಲ ಒಂಬತ್ತೂ ನೋಡಲು ಆಗುವುದಿಲ್ಲ, ನಾಲ್ಕು ಗ್ಲಾಸ್ ದಾಟಿದರೆ ಮೂಗು ಸತ್ತಿರುತ್ತದೆ. ಬಾಟ್ಲಿಗಳಿಗೆ ಹಳೇ ಪೇಪರ್ ಸುತ್ತಿ, ನಂಬರ್ ಬರೆದು, ಸುರಿದು ಕೊಡುವ ಕೆಲಸ ನನ್ನ ಹೆಂಡತಿಯದು. ಅವಳು ಕುಡಿಯುವುದಿಲ್ಲ. ಅದಕ್ಕೇ ಅವಳ ಮೇಲೆ ನಂಬಿಕೆ.

ಮೊದಲ ಸಂಜೆ ಹಗುರ, ಹಣ್ಣಿನ ಬಗೆಯವು. ಗ್ಲೆನ್‌ಲಿವೆಟ್ 12, ಮಂಕಿ ಶೋಲ್ಡರ್, ಪಾಲ್ ಜಾನ್ ಬ್ರಿಲಿಯನ್ಸ್. ಮಂಕಿ ಶೋಲ್ಡರ್ ಸಿಂಗಲ್ ಮಾಲ್ಟ್ ಅಲ್ಲ, ಬೇರೆ ಬೇರೆ ಡಿಸ್ಟಿಲರಿಗಳ ಮಾಲ್ಟ್ ಬೆರೆಸಿದ್ದು. ಮೊಳಕೆ ಬಾರ್ಲಿಯನ್ನು ಸಲಿಕೆಯಲ್ಲಿ ಮಗುಚಿ ಮಗುಚಿ ಕೆಲಸಗಾರರ ಹೆಗಲು ಜೋಲು ಬೀಳುತ್ತಿತ್ತಂತೆ, ಆ ನೋವಿನ ಹೆಸರೇ ಇದಕ್ಕೆ. ಪಾಲ್ ಜಾನ್ ನಮ್ಮ ನೆರೆಯದು. ಹೆದ್ದಾರಿ 66ರಲ್ಲಿ ಮಡಗಾಂವ್ ಕಡೆ ಹೋಗುವಾಗ ಸಿಗುವ ಕುಂಕಳ್ಳಿಯಲ್ಲಿ ಅದರ ಡಿಸ್ಟಿಲರಿ.

ಅವತ್ತು ನನ್ನ ಮರ್ಯಾದೆ ಹೋಯಿತು. ವರ್ಷಗಟ್ಟಲೆ ಕುಡಿದ ಗ್ಲೆನ್‌ಲಿವೆಟ್ಟನ್ನು ನಾನು ಮಂಕಿ ಶೋಲ್ಡರ್ ಅಂತ ಬರೆದಿದ್ದೆ. ಪೇಪರ್ ಬಿಚ್ಚಿದಾಗ ತಾಂಡೇಲ ನಕ್ಕಿದ್ದು ಬೈತ್ಕೋಲದವರೆಗೆ ಕೇಳಿರಬೇಕು. ಮೂವರಲ್ಲಿ ಇಬ್ಬರು ಮೊದಲ ಸ್ಥಾನ ಕೊಟ್ಟಿದ್ದು ಬ್ರಿಲಿಯನ್ಸ್‌ಗೆ. ಇದರಲ್ಲಿ ಜೇನು, ದಾಲ್ಚಿನ್ನಿ, ಹಿಂದೆ ಎಲ್ಲೋ ಜೋನಿ ಬೆಲ್ಲದ ವಾಸನೆ. ಗ್ಲೆನ್‌ಲಿವೆಟ್ಟಿನ ಅನಾನಸು, ಸೇಬಿನ ನಯ ಇದರಲ್ಲಿಲ್ಲ, ನಿಜ. ಇದು ಸ್ವಲ್ಪ ಒರಟು. ಆದರೆ ಬಾಯಿ ತುಂಬುತ್ತದೆ. ಮಂಕಿ ಶೋಲ್ಡರ್ ಸಿಹಿ, ಸಲೀಸು, ಸೋಡಾಗೆ ಚಲೋ. ಇಲ್ಲಿಯ ಬೆಲೆಗೆ ಮಾತ್ರ ನನಗೆ ಸರಿ ಕಾಣಲಿಲ್ಲ. ಸ್ಕಾಚ್ ಬೆಲೆಯಿಂದ ತಪ್ಪಿಸಿಕೊಳ್ಳಲು ಹೊರಟು ಇನ್ನೊಂದು ಆಮದು ಬಾಟ್ಲಿ ಹಿಡಿದರೆ ಸುಂಕ ಅದಕ್ಕೂ ಅದೇ ಅಲ್ವಾ?

ಎರಡನೇ ಶನಿವಾರ ಹೊಗೆ ವಾಸನೆಯ ವಿಸ್ಕಿಗಳ ಸರದಿ. ದುಬೈಯಿಂದ ಬಂದ ಚಿಕ್ಕಪ್ಪನ ಮಗ ಡ್ಯೂಟಿ ಫ್ರೀಯಲ್ಲಿ ತಂದುಕೊಟ್ಟ ಟಾಲಿಸ್ಕರ್ 10 ಅಳತೆಗೋಲು. ಅದರ ಎದುರು ಟೀಚರ್ಸ್, ಬ್ಲ್ಯಾಕ್ ಲೇಬಲ್, ಪಾಲ್ ಜಾನ್ ಬೋಲ್ಡ್. ಮೊದಲ ಗ್ಲಾಸ್ ಕೈಗೆ ಬರುವಷ್ಟರಲ್ಲಿ ಜೋರು ಮಳೆ, ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಲು ಹೋದ ಹೆಂಡತಿಯನ್ನು ಭಾವ ತಡೆದ, ಹೊಗೆಯಲ್ಲಿ ಹೊಗೆ ಸೇರಿದರೆ ಲೆಕ್ಕ ತಪ್ಪುತ್ತದೆ ಅಂತ. ಕತ್ತಲೆಯಲ್ಲೇ ಮೂಸಿದೆವು. ಅದು ಒಳ್ಳೆಯದೇ ಆಯಿತು. ಸ್ಕಾಚ್‌ಗೆ ಬಣ್ಣಕ್ಕಾಗಿ ಕ್ಯಾರಮೆಲ್ ಹಾಕಲು ಅವಕಾಶ ಇದೆ. ಗಾಢ ಬಣ್ಣ ಕಂಡರೆ ಹಳೇ ಮಾಲು ಅಂತ ಕಣ್ಣು ಸುಮ್ನೆ ಮೋಸ ಹೋಗುತ್ತದೆ.

ಎರಡನೇ ನಂಬರ್ ಮೂಸಿದವನೇ ಭಾವ, "ಥೋ, ಇದು ಯಮ್ಮನೆ ಅಡಕೆ ಬೇಯ್ಸ ಒಲೆ ಹೊಗೆ ಇದ್ದಾಂಗೆ ಇದ್ದಲೋ ಮಾರಾಯ!" ಅಂದ. ತಾಂಡೇಲ ಮೂರನೆಯದನ್ನು ಹಿಡಿದು ಸುಮ್ಮನೆ ಕೂತಿದ್ದ. ಆಮೇಲೆ, "ಇದರಲ್ಲಿ ಸಮುದ್ರ ಅದೆ" ಅಂದ. ಮೂರನೆಯದು ಟಾಲಿಸ್ಕರ್. ಸ್ಕೈ ದ್ವೀಪದ ಕಡಲ ದಂಡೆಯಲ್ಲೇ ಆ ಡಿಸ್ಟಿಲರಿ ಇರೋದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಉಪ್ಪು, ಕಾಳುಮೆಣಸು, ಒದ್ದೆ ಹಗ್ಗದ ವಾಸನೆ. ಮೂವರೂ ಅದಕ್ಕೇ ಮೊದಲ ಸ್ಥಾನ ಕೊಟ್ಟೆವು. ಈ ಒಂದಕ್ಕೆ ನನಗೆ ಬದಲಿ ಸಿಗಲಿಲ್ಲ, ಸಿಕ್ಕಿದೆ ಅಂತ ಸುಳ್ಳು ಹೇಳೋದಿಲ್ಲ.

ಭಾವನ ಅಡಿಕೆ ಒಲೆ ಅಂದರೆ ಪಾಲ್ ಜಾನ್ ಬೋಲ್ಡ್. ಬಾರ್ಲಿ ನಮ್ಮ ದೇಶದ್ದು, ಒಣಗಿಸಲು ಹೊಗೆ ಹಾಕುವ ಪೀಟ್ ಮಾತ್ರ ಸ್ಕಾಟ್ಲೆಂಡಿನಿಂದ ಬರುತ್ತದೆ. ಪೀಟ್ ಅಂದರೆ ಜವುಗು ನೆಲದಲ್ಲಿ ಗಿಡಗಂಟಿ ಸಾವಿರಾರು ವರ್ಷ ಕೊಳೆತು ಆದ ಮಣ್ಣಿನ ಹೆಂಟೆ, ಒಣಗಿಸಿದರೆ ಉರಿಯುತ್ತದೆ. ಬೋಲ್ಡಿನಲ್ಲಿ ಹೊಗೆ ದಪ್ಪ, ಜೊತೆಗೆ ಸಿಹಿಯೂ ಉಂಟು. ಟಾಲಿಸ್ಕರಿನ ಉಪ್ಪಿಲ್ಲ, ಆದರೆ ಹೊಗೆಗಾಗಿಯೇ ಕುಡಿಯುವವರಿಗೆ ಇದು ಸಾಕು.

ಟೀಚರ್ಸ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು, ಯಾಕೆಂದರೆ ಇದನ್ನು ನಮ್ಮಲ್ಲಿ ಯಾರೂ ಗಮನ ಕೊಟ್ಟು ಕುಡಿಯುವುದಿಲ್ಲ. ಮದುವೆ ಪಾರ್ಟಿಯಲ್ಲಿ ಕೋಲಾ ಸುರಿದು ಮುಗಿಸುತ್ತಾರೆ. ಇದು ಬ್ಲೆಂಡ್, ಅಂದರೆ ಮಾಲ್ಟಿಗೆ ಬೇರೆ ಧಾನ್ಯದ ವಿಸ್ಕಿ ಬೆರೆಸಿದ್ದು. ಇದರ ಬೆನ್ನೆಲುಬು ಆರ್ಡ್‌ಮೋರ್ ಅನ್ನುವ ಹೊಗೆಯ ಮಾಲ್ಟ್. ಬೇರೆ ಅಗ್ಗದ ಬ್ಲೆಂಡ್‌ಗಳಿಗಿಂತ ಇದರಲ್ಲಿ ಮಾಲ್ಟಿನ ಪಾಲು ಜಾಸ್ತಿ. ಭಾರತದಲ್ಲಿ ಬಾಟ್ಲಿಗೆ ತುಂಬುವುದರಿಂದ 42.8% ಆಲ್ಕೋಹಾಲ್ ಇರುತ್ತದೆ, ಗ್ಲೆನ್‌ಲಿವೆಟ್ಟಿನ 40ಕ್ಕಿಂತ ಜಾಸ್ತಿ. ಬೆಲೆ ಒಂಬತ್ತರಲ್ಲೂ ಕಡಿಮೆ. ಕತ್ತಲೆಯಲ್ಲಿ ನಾನು ಇದಕ್ಕೆ ಬ್ಲ್ಯಾಕ್ ಲೇಬಲ್ ಅಂತ ಬರೆದೆ, ಬ್ಲ್ಯಾಕ್ ಲೇಬಲ್‌ಗೆ ಟೀಚರ್ಸ್ ಅಂತ. ಎರಡರ ಬೆಲೆಯ ಅಂತರ ನೋಡಿದ ಮೇಲೆ ಬ್ಲ್ಯಾಕ್ ಲೇಬಲ್ ಬಗ್ಗೆ ಬರೆಯೋದು ಏನೂ ಉಳಿದಿಲ್ಲ. ಬಂದವರ ಎದುರು ಟೀಪಾಯಿ ಮೇಲೆ ಇಡಲು ಚಂದ.

ಮೂರನೇ ಶನಿವಾರ ಅಮೃತ್ ಫ್ಯೂಷನ್, ಇಂದ್ರಿ. ಇಂದ್ರಿ ಹರಿಯಾಣದ್ದು. ಮೂರು ಬಗೆಯ ಪೀಪಾಯಿಯಲ್ಲಿ ಮಾಗಿದ್ದು. ಒಣದ್ರಾಕ್ಷಿ, ಸುಟ್ಟ ಸಕ್ಕರೆ. ಭಾವನಿಗೆ ಬಹಳ ಹಿಡಿಸಿತು, ತೊಡದೇವು ತಿಂದ ಹಾಗೆ ಆಗುತ್ತದೆ ಅಂದ. ನನಗೆ ಒಂದು ಪೆಗ್ಗಿಗೆ ಸಾಕಾಯಿತು.

ಫ್ಯೂಷನ್ ಮಾತ್ರ ನಮ್ಮನ್ನು ಗಂಟೆಗಟ್ಟಲೆ ಕೂರಿಸಿತು. ಅಮೃತ್ ಬೆಂಗಳೂರಿನ ಕಂಪನಿ, 1948ರದ್ದು. ಸಿಂಗಲ್ ಮಾಲ್ಟ್ ಮಾಡಿ 2004ರಲ್ಲಿ ಮೊದಲು ಮಾರಲು ಹೊರಟಿದ್ದು ಎಲ್ಲಿಗೆ ಗೊತ್ತಾ? ಸ್ಕಾಟ್ಲೆಂಡಿನ ಗ್ಲಾಸ್ಗೋಗೆ! ಬೈತ್ಕೋಲದವರಿಗೆ ಬಂಗಡೆ ಮಾರಲು ಹೋದ ಹಾಗೆ. ವಿಸ್ಕಿ ವಿಮರ್ಶಕ ಜಿಮ್ ಮರ್ರಿ ತನ್ನ 2010ರ ವಿಸ್ಕಿ ಬೈಬಲ್ ಪುಸ್ತಕದಲ್ಲಿ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಕೊಟ್ಟ ಮೇಲೆ ಹೆಸರಾಯಿತು. ಭಾರತದ ಬಾರ್ಲಿ, ಹೊಗೆ ಹಾಕಿದ ಸ್ಕಾಟ್ಲೆಂಡಿನ ಬಾರ್ಲಿ, ಎರಡೂ ಸೇರಿದ್ದಕ್ಕೆ ಆ ಹೆಸರು.

ಇದಕ್ಕೆ 12, 15 ಅಂತ ವಯಸ್ಸಿನ ನಂಬರ್ ಇಲ್ಲ. ಇರುವ ಅಗತ್ಯವೂ ಇಲ್ಲ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾದರೆ ಬೆಂಗಳೂರಲ್ಲಿ 10%ಗೂ ಜಾಸ್ತಿ ಹೋಗುತ್ತದೆ. ಸೆಕೆಯಲ್ಲಿ ಮರದ ಸಾರ ಬೇಗ ಇಳಿಯುತ್ತದೆ, ನಾಲ್ಕೈದು ವರ್ಷಕ್ಕೇ ವಿಸ್ಕಿ ಮಾಗಿಬಿಡುತ್ತದೆ. ಇಲ್ಲಿ 12 ವರ್ಷ ಇಟ್ಟರೆ ಪೀಪಾಯಿಯಲ್ಲಿ ಏನು ಉಳಿದೀತು? ನೆರಳಲ್ಲಿ ಹಣ್ಣಾಗುವ ಮಾವಿಗೂ ಹುಲ್ಲಿನಲ್ಲಿ ಮುಚ್ಚಿಟ್ಟ ಮಾವಿಗೂ ದಿನ ಲೆಕ್ಕ ಹಾಕುತ್ತೇವಾ? ಮೂಸಿ ನೋಡುತ್ತೇವೆ.

ಫ್ಯೂಷನ್ 50%. ಮೊದಲ ಗುಟುಕಿಗೆ ತಾಂಡೇಲ ಕೆಮ್ಮಿದ. ಟೀ ಚಮಚದಲ್ಲಿ ನೀರು ಹಾಕುತ್ತ ಹೋದೆವು. ಎರಡನೇ ಚಮಚಕ್ಕೆ ಗ್ಲಾಸ್ ತೆಳ್ಳಗೆ ಮಬ್ಬಾಯಿತು. ಹೆದರಬೇಡಿ, ತಣ್ಣಗೆ ಮಾಡಿ ಸೋಸದ ವಿಸ್ಕಿಗೆ ನೀರೋ ಐಸೋ ಬಿದ್ದರೆ ಹಾಗಾಗುತ್ತದೆ. ಆಮೇಲೆ ಬಂತು ನೋಡಿ, ಕಿತ್ತಳೆ ಸಿಪ್ಪೆ, ಕಹಿ ಚಾಕೊಲೇಟ್, ಕೊನೆಗೆ ಆರಿದ ಒಲೆಯ ಬೂದಿಯ ಹಾಗೆ ಹೊಗೆ. ಮೊದಲ ಸಂಜೆಯ ಹಣ್ಣು, ಎರಡನೇ ಸಂಜೆಯ ಹೊಗೆ, ಎರಡೂ ಒಂದೇ ಗ್ಲಾಸಲ್ಲಿ.

ಫ್ಯೂಷನ್ ಅಗ್ಗ ಅಲ್ಲ ಅಂತ ಭಾವ ತಕರಾರು ತೆಗೆದ. ಅದಕ್ಕೆ ಪೇಪರ್ ಮೇಲೆ ಲೆಕ್ಕ ಹಾಕಿದೆ. 750 ಎಂಎಲ್ ಬಾಟ್ಲಿಯಲ್ಲಿ 50% ಅಂದರೆ 375 ಎಂಎಲ್ ಆಲ್ಕೋಹಾಲ್. 40%ದಲ್ಲಿ 300. ಫ್ಯೂಷನ್‌ಗೆ ನೀವೇ 187 ಎಂಎಲ್ ನೀರು ಸೇರಿಸಿದರೆ ಅದೂ 40% ಆಗುತ್ತದೆ. ಅಂದರೆ ಒಂದು ಬಾಟ್ಲಿಗೆ ಮೂರು ಪೆಗ್ ಜಾಸ್ತಿ. ಸ್ಕಾಚ್ ಕಂಪನಿಯವರು ಆ ನೀರನ್ನು ಅಲ್ಲೇ ಹಾಕಿ, ಹಡಗಲ್ಲಿ ಕಳಿಸಿ, ಸುಂಕ ಕಟ್ಟಿಸಿ ನಮಗೆ ಮಾರುತ್ತಾರೆ. ಬೆಲೆಯನ್ನು ನಾನು ಇಲ್ಲಿ ಬರೆಯುತ್ತಿಲ್ಲ, ನೀವು ಓದುವಷ್ಟರಲ್ಲಿ ಬದಲಾಗಿರುತ್ತದೆ. ಅಂಗಡಿಯಲ್ಲಿ ನಿಂತು ಎಂಆರ್‌ಪಿಯನ್ನು ಹೀಗೆ ಆಲ್ಕೋಹಾಲಿನ ಎಂಎಲ್‌ನಿಂದ ಭಾಗಿಸಿ ನೋಡಿ. 46%ದ ಪಾಲ್ ಜಾನ್ ಬಾಟ್ಲಿಗಳಿಗೆ 345ರಿಂದ, ಟೀಚರ್ಸ್‌ಗೆ 321ರಿಂದ.

ಕೆಳಗಿನ ಮೆಟ್ಟಿಲಿನ ದೇಶಿ ವಿಸ್ಕಿಗಳನ್ನು ಯಾಕೆ ಸೇರಿಸಲಿಲ್ಲ ಅಂತ ಕೇಳಬಹುದು. ಅವುಗಳಲ್ಲಿ ಬಹಳಷ್ಟು ಕಬ್ಬಿನ ಕಾಕಂಬಿಯ ಸ್ಪಿರಿಟ್ಟಿಗೆ ಸ್ವಲ್ಪ ಮಾಲ್ಟ್ ಬೆರೆಸಿದ್ದು. ಸಿಂಗಲ್ ಮಾಲ್ಟ್ ಆಸೆಗೆ ಅದು ಮದ್ದಲ್ಲ. ಅಷ್ಟು ಕಡಿಮೆ ದುಡ್ಡೇ ಇರೋದಾದರೆ ನಾನು ಏಪ್ರಿಲ್‌ನಲ್ಲಿ ಕಾಣಕೋಣಕ್ಕೆ ಹೋಗಿ ಗೇರುಹಣ್ಣಿನ ಉರಾಕ್ ಕುಡಿದು ಬರುತ್ತೇನೆ.

ಕರಾವಳಿಯವರಿಗೆ ಒಂದು ಮಾತು. ನಮ್ಮ ಸೆಕೆಯಲ್ಲಿ ರಾ ಕುಡಿದರೆ ಮೂಗಿಗೆ ಬರೀ ಸ್ಪಿರಿಟ್ ಹೊಡೆಯುತ್ತದೆ. ಬಾಟ್ಲಿಯನ್ನು ಹತ್ತು ನಿಮಿಷ ಫ್ರಿಜ್ಜಿನ ಬಾಗಿಲಲ್ಲಿಟ್ಟು ಸುರಿಯಿರಿ. ಒಣಮೀನು ಚಟ್ನಿ ಇದ್ದರೆ ಕೊನೆಗೆ ತನ್ನಿ, ಅದು ಬಂದ ಮೇಲೆ ಯಾವ ವಿಸ್ಕಿಯೂ ಒಂದೇ. ಮತ್ತೆ, ತೆರೆದ ಬಾಟ್ಲಿಯನ್ನು ಜೋಪಾನ ಅಂತ ವರ್ಷಗಟ್ಟಲೆ ಇಡಬೇಡಿ. ನಾನು ಒಂದು ದುಬಾರಿ ಬಾಟ್ಲಿಯನ್ನು ಕಪಾಟಿನಲ್ಲಿ ಎರಡು ಮಳೆಗಾಲ ಇಟ್ಟಿದ್ದೆ. ಲೇಬಲ್ ಬೂಸ್ಟು ಹಿಡಿದು ಕಪ್ಪಾಗಿತ್ತು. ತೆಗೆಯಲು ಹೋದರೆ ಬೂಚು ಅರ್ಧಕ್ಕೆ ಮುರಿದು ಒಳಗೆ ಬಿತ್ತು. ಚಹಾ ಸೋಸುವ ಜರಡಿಯಲ್ಲಿ ಸೋಸಿ ಕುಡಿದರೆ ಬಣ್ಣದ ನೀರು.

ಈಗ ನನ್ನ ಕಪಾಟಿನಲ್ಲಿ ಶನಿವಾರಕ್ಕೆ ಬ್ರಿಲಿಯನ್ಸ್, ನೆಂಟರಿಗೂ ಮಳೆ ಸಂಜೆಗೂ ಟೀಚರ್ಸ್. ಫ್ಯೂಷನ್ ವರ್ಷಕ್ಕೆ ಎರಡು. ಟಾಲಿಸ್ಕರ್ ಚಿಕ್ಕಪ್ಪನ ಮಗನ ರಜೆ ನೋಡಿಕೊಂಡು. ಗ್ಲೆನ್‌ಲಿವೆಟ್ ಮತ್ತೆ ಕೊಂಡಿಲ್ಲ. ಅದರ ಖಾಲಿ ಬಾಟ್ಲಿ ಚಂದ ಇದೆ ಅಂತ ಭಾವ ಒಯ್ದಿದ್ದ. ಮುಂದಿನ ಸಲ ಶಿರಸಿಯಿಂದ ಬರುವಾಗ ಅದರ ತುಂಬ ತುಡುವೆ ಜೇನು ತುಂಬಿಸಿಕೊಂಡು ಬಂದ.